ದೋಣಿಯ ಎಂಜಿನ್ನಿಗೆ ಮದ್ದು: ಯಾವ ಬಾಟಲಿ, ಯಾವ ಹೊತ್ತು?

ಕಳೆದ ವರ್ಷ ಮೇ ತಿಂಗಳಲ್ಲಿ ನನ್ನ ತಂಗಿಯ ಮಗಳು ನೋಯ್ಡಾದಿಂದ ಫೋನ್ ಮಾಡಿದಳು. ಹುಟ್ಟಿದ್ದು, ಓದಿದ್ದು ಎಲ್ಲ ದೆಹಲಿಯಲ್ಲೇ ಆದ ಹುಡುಗಿ. ಈಗ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ರಜೆಗೆ ಊರಿಗೆ ಹೊರಟಿದ್ದಳು. "ಮಾವ, ದೊಡ್ಡ ಮಾವ ದೋಣಿಯ ಎಂಜಿನ್ನಿಗೆ ಏನೋ ಮದ್ದು ತರಲಿಕ್ಕೆ ಹೇಳಿದ್ದಾರೆ. ಪೆಟ್ರೋಲ್ ಕೆಡದ ಹಾಗೆ ಹಾಕುವುದಂತೆ. ಇಲ್ಲಿ ನೋಡಿದರೆ ನಾಲ್ಕು ತರಹದ ಬಾಟಲಿ ಇವೆ. ಯಾವುದನ್ನು ತಗೊಳ್ಳಲಿ?" ಎಂದು ಕೇಳಿ, ನಾಲ್ಕು ಬಾಟಲಿಗಳ ಫೋಟೋವನ್ನೂ ಕಳಿಸಿದಳು.

ದೊಡ್ಡ ಮಾವ ಎಂದರೆ ಗಂಗೊಳ್ಳಿಯಲ್ಲಿರುವ ನನ್ನ ಅಣ್ಣ. ಮೂವತ್ತು ವರ್ಷ ಇಲ್ಲಿ ಎಂಜಿನ್ ದುರಸ್ತಿಯ ವರ್ಕ್‌ಷಾಪಿನಲ್ಲಿ ದುಡಿದು ನಿವೃತ್ತನಾದವನು ನಾನು. ಆದರೂ ಅಣ್ಣ ನನ್ನನ್ನು ಕೇಳದೆ ಆ ಹುಡುಗಿಯನ್ನು ಕೇಳಿದ್ದ. ಮೊದಲು ಸ್ವಲ್ಪ ಬೇಸರವೆನಿಸಿದರೂ ಆಮೇಲೆ ಸಂತೋಷವೇ ಆಯಿತು. ದೆಹಲಿಯಲ್ಲಿ ಬೆಳೆದ ಮಕ್ಕಳನ್ನು ಊರಿನವರು ಅತಿಥಿಗಳೆಂದು ತಿಳಿದು ಎಳನೀರು ಕೊಟ್ಟು ಕೂರಿಸುವುದೇ ಹೆಚ್ಚು. ಒಂದು ಕೆಲಸ ವಹಿಸುತ್ತಾರೆಂದರೆ ಮನೆಯವಳೆಂದು ಒಪ್ಪಿಕೊಂಡರು ಎಂದೇ ಅರ್ಥ. ಆ ಕೆಲಸ ಸರಿಯಾಗಿ ಆಗಲಿ ಎಂದು ಅವಳಿಗೆ ಹೇಳಿದ ಮಾತುಗಳನ್ನು, ಸಂಘದ ಇತರ ಯುವಮಿತ್ರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಅಳಿವೆಯಲ್ಲಿ ನಿಂತ ಎಂಜಿನ್

ಮೊದಲು ಒಂದು ಘಟನೆ ಹೇಳಬೇಕು. ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ನೂಲ ಹುಣ್ಣಿಮೆ ಕಳೆದಿತ್ತು. ಸಮುದ್ರ ಪೂಜೆ ಮುಗಿದು, ಹಾಲು, ತೆಂಗಿನಕಾಯಿ ಕಡಲಿಗೆ ಅರ್ಪಿಸಿ ಆಗಿತ್ತು. ಅಣ್ಣ ಮತ್ತು ಇನ್ನಿಬ್ಬರು ಬೆಳಗಿನ ಜಾವ ದೋಣಿ ನೀರಿಗಿಳಿಸಿದರು. ಆಗ ಅವನದು ಸೀಮೆಎಣ್ಣೆಯ ಔಟ್‌ಬೋರ್ಡ್ ಎಂಜಿನ್. ದೆಹಲಿಯ ಮಕ್ಕಳು ಸೀಮೆಎಣ್ಣೆಯನ್ನು ಕಣ್ಣಿನಲ್ಲಿ ನೋಡಿರುವುದೂ ಅನುಮಾನ. 2014ರಲ್ಲೇ ದೆಹಲಿಯನ್ನು ಸೀಮೆಎಣ್ಣೆ ಮುಕ್ತ ನಗರವೆಂದು ಘೋಷಿಸಲಾಯಿತು. ಆ ಜಾತಿಯ ಎಂಜಿನ್ನನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ಕ್ರಮ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಕಾರ್ಬ್ಯುರೇಟರ್ ಶುದ್ಧ ಮಾಡಬೇಕು. ಹಾಗಾಗಿ ಪೆಟ್ರೋಲಿಗೆ ಒಂದು ಪುಟ್ಟ ಟ್ಯಾಂಕ್ ಬೇರೆಯೇ ಇರುತ್ತದೆ.

ಆ ಪುಟ್ಟ ಟ್ಯಾಂಕಿನಲ್ಲಿ ಮಳೆಗಾಲಕ್ಕೂ ಮುಂಚಿನ ಪೆಟ್ರೋಲ್ ಅರ್ಧ ಉಳಿದಿತ್ತು. ಅದರ ಮೇಲೆಯೇ ಹೊಸದನ್ನು ಸುರಿದರು. ದಡದಲ್ಲಿ ಎಂಜಿನ್ ಕೆಮ್ಮುತ್ತಾ ಕೆಮ್ಮುತ್ತಾ ಸ್ಟಾರ್ಟ್ ಆಯಿತು. ಆದರೆ ಅಳಿವೆ ಬಾಯಿಯಲ್ಲಿ, ಪಂಚಗಂಗಾವಳಿಯ ನೀರು ಹೊರಗೆ ನುಗ್ಗಿ ಕಡಲ ತೆರೆ ಒಳಗೆ ನುಗ್ಗುವ ಜಾಗದಲ್ಲಿ, ನಿಂತುಹೋಯಿತು. ಎಂಜಿನ್ ನಿಂತ ದೋಣಿ ತೆರೆಗೆ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿ ಮಗುಚಲು ಒಂದೇ ತೆರೆ ಸಾಕು. ಹುಟ್ಟು ಹಾಕಿ ದೋಣಿಯ ಮೂತಿಯನ್ನು ತೆರೆಗೆ ಎದುರಾಗಿ ಹಿಡಿದು ನಿಂತರು. ಹಿಂದಿನಿಂದ ಬಂದ ಇನ್ನೊಂದು ದೋಣಿ ಹಗ್ಗ ಎಸೆದು ಎಳೆದುಕೊಂಡು ಬಂತು. ಬಲೆ ಹೋಯಿತು, ಜೀವ ಉಳಿಯಿತು.

ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿ ನೋಡಿದರೆ, ಪೆಟ್ರೋಲ್ ಹೋಗುವ ಜೆಟ್ಟಿನ ಸೂಕ್ಷ್ಮ ರಂಧ್ರದಲ್ಲಿ ಹಲಸಿನ ಮೇಣದಂತಹ ಕಂದು ಅಂಟು ಕೂತಿತ್ತು. ಆ ಅಂಟು ಬಲೆಯನ್ನಷ್ಟೇ ಅಲ್ಲ, ಮೂವರ ಪ್ರಾಣವನ್ನೂ ಕೇಳಿತ್ತು. ಹಾಗಾಗಿ ಬಾಟಲಿಯ ಆಯ್ಕೆ ನಮ್ಮ ಮನೆಯಲ್ಲಿ ಸಣ್ಣ ವಿಷಯವಲ್ಲ.

ನಮಗೇಕೆ ಈ ವಿಚಾರ ಎನ್ನಬೇಡಿ

"ನಮ್ಮ ಮನೆಯಲ್ಲಿ ದೋಣಿ ಇಲ್ಲವಲ್ಲ" ಎಂದು ಓದುಗರಲ್ಲಿ ಕೆಲವರು ಪುಟ ತಿರುಗಿಸಬಹುದು. ಸ್ವಲ್ಪ ತಾಳಿ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ನಿಮ್ಮ ಮನೆಯ ಸ್ಕೂಟರ್ ಎಷ್ಟು ತಿಂಗಳು ನಿಂತಿತ್ತು ಜ್ಞಾಪಿಸಿಕೊಳ್ಳಿ. ಮತ್ತೆ ಹೊರಗೆ ತೆಗೆದಾಗ ಎಷ್ಟು ಕಿಕ್ ಹೊಡೆದಿರಿ? ನಿಂತ ಎಂಜಿನ್ನಿನ ಕಾಯಿಲೆ ಊರು, ಕೇರಿ ನೋಡಿ ಬರುವುದಿಲ್ಲ.

ದೋಣಿಯೂ ದೆಹಲಿಗೆ ದೂರದ ವಸ್ತುವಲ್ಲ. 2023ರ ಜುಲೈ 13ರಂದು ಯಮುನೆ 208.66 ಮೀಟರ್ ಎತ್ತರಕ್ಕೆ ಏರಿ, 1978ರ 207.49 ಮೀಟರ್ ದಾಖಲೆಯನ್ನು ಮುರಿದಳು. ಅಪಾಯದ ಮಟ್ಟ 205.33 ಮೀಟರ್. ಆಗ ತಗ್ಗಿನ ಬಡಾವಣೆಗಳ ಜನರನ್ನು ರಬ್ಬರ್ ದೋಣಿಗಳಲ್ಲಿ ಕರೆತಂದ ದೃಶ್ಯವನ್ನು ಟಿವಿಯಲ್ಲಿ ನೀವೆಲ್ಲ ನೋಡಿದ್ದೀರಿ. ನಮ್ಮ ಪಕ್ಕದ ಘಾಜಿಯಾಬಾದಿನಲ್ಲಿಯೇ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 8ನೇ ಬೆಟಾಲಿಯನ್ ಇದೆ. ಪ್ರವಾಹ ಬಂದಾಗ ಇಂತಹ ಪಡೆಗಳು ಬಳಸುವುದೂ ಅಣ್ಣನ ದೋಣಿಯಲ್ಲಿರುವಂತಹ ಔಟ್‌ಬೋರ್ಡ್ ಮೋಟಾರುಗಳನ್ನೇ. ಪ್ರವಾಹವು ತಾರೀಕು ಹೇಳಿ ಬರುವುದಿಲ್ಲ. ಬಂದ ದಿನ ಎಂಜಿನ್ ಮೊದಲ ಎಳೆತಕ್ಕೇ ಹೊತ್ತಬೇಕು.

ಪೆಟ್ರೋಲ್ ಕೆಡುವುದು ಹೇಗೆ?

ಪೆಟ್ರೋಲ್ ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದು ಮೂರು ರೀತಿಯಲ್ಲಿ ಕೆಡುತ್ತದೆ.

ಮೊದಲನೆಯದು, ಆವಿಯಾಗುವುದು. ಬೇಗ ಆವಿಯಾಗುವ ಹಗುರ ಅಂಶಗಳೇ ತಣ್ಣಗಿನ ಎಂಜಿನ್ನನ್ನು ಹೊತ್ತಿಸುವಂಥವು. ಮುಚ್ಚಳ ಸಡಿಲವಿದ್ದರೆ ಅವು ಮೊದಲು ಹಾರಿಹೋಗುತ್ತವೆ. ಉಳಿದದ್ದು ಮಂಕು ಪೆಟ್ರೋಲ್.

ಎರಡನೆಯದು, ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅಂಟಾಗುವುದು. ಅಡುಗೆ ಮನೆಯ ಡಬ್ಬಿಯಲ್ಲಿ ಬಹಳ ದಿನ ಉಳಿದ ಎಣ್ಣೆ ಕಮಟು ವಾಸನೆ ಬರುವುದಿಲ್ಲವೇ? ಹೆಚ್ಚು ಕಡಿಮೆ ಅದೇ ಕ್ರಿಯೆ. ಒಂದು ಅಣು ಕೆಟ್ಟರೆ ಅದು ಪಕ್ಕದ ಅಣುವನ್ನು ಕೆಡಿಸುತ್ತದೆ, ಸರಪಳಿಯಂತೆ ಸಾಗುತ್ತದೆ. ಕೊನೆಗೆ ಉಳಿಯುವುದೇ ಆ ಕಂದು ಅಂಟು.

ಮೂರನೆಯದು, ನೀರು. ಇದು ಈಚಿನ ವರ್ಷಗಳಲ್ಲಿ ದೊಡ್ಡದಾದ ತೊಂದರೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯಕ್ರಮ 2003ರಲ್ಲಿ ಶೇ. 5ರಿಂದ ಆರಂಭವಾಯಿತು. 2022ರ ಜೂನ್ ಹೊತ್ತಿಗೆ ಶೇ. 10 ಮುಟ್ಟಿತು. ಶೇ. 20ರ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. 2025ರಲ್ಲಿ ದೇಶ ಆ ಗುರಿ ಮುಟ್ಟಿತು. ಎಥನಾಲ್ ಕಬ್ಬಿನಿಂದ, ಮೆಕ್ಕೆಜೋಳದಿಂದ, ಅಕ್ಕಿಯಿಂದ ಬರುತ್ತದೆ. ಬೆಳಗಾವಿ, ಮಂಡ್ಯದ ಕಬ್ಬು ಬೆಳೆಗಾರರಿಗೆ ಒಳ್ಳೆಯ ಸುದ್ದಿ. ಆದರೆ ಎಥನಾಲಿಗೆ ನೀರೆಂದರೆ ಬಹಳ ಪ್ರೀತಿ. ಗಾಳಿಯಲ್ಲಿರುವ ತೇವವನ್ನೂ ಹೀರುತ್ತದೆ. ಒಂದು ಮಿತಿಯವರೆಗೆ ಆ ನೀರನ್ನು ಪೆಟ್ರೋಲಿನಲ್ಲಿ ಕರಗಿಸಿ ಇಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ, ನೀರು ಮತ್ತು ಎಥನಾಲ್ ಎರಡೂ ಕೈ ಹಿಡಿದು ಪೆಟ್ರೋಲನ್ನು ಬಿಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಇಂಧನ ಹೀರುವ ಕೊಳವೆ ಇರುವುದೂ ತಳದಲ್ಲೇ! ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುತ್ತದೆ, ದೆಹಲಿಯಲ್ಲಿ 800 ಮಿ.ಮೀ. ಕೂಡ ಇಲ್ಲ. ಮಳೆಗಾಲದ ಕರಾವಳಿಯಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗೆ ಎಷ್ಟು ತೇವ ಸೇರೀತೆಂದು ನೀವೇ ಊಹಿಸಿ.

ನಾಲ್ಕು ಬಾಟಲಿಗಳ ಪರೀಕ್ಷೆ

ಈಗ ಹುಡುಗಿ ಕಳಿಸಿದ ಫೋಟೋಗಳಿಗೆ ಬರೋಣ.

ಮೊದಲ ಬಾಟಲಿ ಇಂಜೆಕ್ಟರ್ ಕ್ಲೀನರ್. ಇದು ಸೋಪಿನ ಕೆಲಸ ಮಾಡುತ್ತದೆ, ಕೂತ ಕೊಳೆಯನ್ನು ತೊಳೆಯುತ್ತದೆ. ಓಡುವ ಎಂಜಿನ್ನಿಗೆ ಸರಿ. ನಿಂತ ಟ್ಯಾಂಕಿನ ಪೆಟ್ರೋಲನ್ನು ಕಾಯುವುದು ಇದರ ಮುಖ್ಯ ಕೆಲಸವಲ್ಲ.

ಎರಡನೆಯದು ಆಕ್ಟೇನ್ ಬೂಸ್ಟರ್. ಹೆಸರು ಜೋರಾಗಿದೆ, ಆದರೆ ನಮ್ಮ ಕಾಯಿಲೆಗೆ ಇದು ಮದ್ದೇ ಅಲ್ಲ.

ಮೂರನೆಯದು ನೀರು ತೆಗೆಯುವ ದ್ರಾವಣ. ಲೇಬಲ್ಲನ್ನು ದೊಡ್ಡದು ಮಾಡಿ ಓದಿದಾಗ ಒಳಗಿರುವುದು ಆಲ್ಕೋಹಾಲ್ ಎಂದು ತಿಳಿಯಿತು. ಎಥನಾಲ್ ಇಲ್ಲದ ಕಾಲದ ಪೆಟ್ರೋಲಿಗೆ ಅದು ಉಪಯೋಗಕ್ಕೆ ಬರುತ್ತಿತ್ತು. ಈಗಾಗಲೇ ಐದರಲ್ಲಿ ಒಂದು ಪಾಲು ಆಲ್ಕೋಹಾಲ್ ಇರುವ ಪೆಟ್ರೋಲಿಗೆ ಇನ್ನಷ್ಟು ಆಲ್ಕೋಹಾಲ್ ಸೇರಿಸುವುದು, ಮಳೆಯಲ್ಲಿ ನೆನೆದವನಿಗೆ ಕೊಡದಿಂದ ನೀರು ಹೊಯ್ದಂತೆ.

ನಾಲ್ಕನೆಯದು ನಿಜವಾದ ಫ್ಯುಯಲ್ ಸ್ಟೆಬಿಲೈಜರ್. ಇದರಲ್ಲಿ ಮುಖ್ಯವಾಗಿ ಇರುವುದು ಆಂಟಿ ಆಕ್ಸಿಡೆಂಟ್. ಮೇಲೆ ಹೇಳಿದ ಸರಪಳಿಯನ್ನು ನಡುವೆ ಕಡಿಯುವಂಥದ್ದು. ಜತೆಗೆ ತುಕ್ಕು ತಡೆಯುವ ಅಂಶವೂ ಇರುತ್ತದೆ. ದೋಣಿಗೆಂದೇ ಮಾಡಿದ ಮೆರೈನ್ ಬಾಟಲಿಗಳಲ್ಲಿ ಈ ತುಕ್ಕುನಿರೋಧಕಕ್ಕೆ ಹೆಚ್ಚು ಒತ್ತು. ಉಪ್ಪುಗಾಳಿಯ ಊರಿಗೆ ಅದೇ ಮೇಲು.

ಆಯ್ಕೆ ಇಲ್ಲಿಗೇ ಮುಗಿಯಿತು ಎಂದು ಅವಳು ಫೋನ್ ಇಡಲು ಹೊರಟಳು. ನಾನು ತಡೆದೆ. ಯಾಕೆಂದರೆ ಆ ಹೊತ್ತಿಗೆ ಅಣ್ಣನ ಸಂದೇಶವೂ ನನಗೆ ಬಂದಿತ್ತು: "ಹೋಯ್, ಆ ಬಾಟ್ಲಿ ಹಾಕ್ರೆ ಹ್ವಾದ ವರ್ಷದ್ ಪೆಟ್ರೋಲ್ ಸರಿ ಆತ್ತಾ?"

ಆಗುವುದಿಲ್ಲ. ಇದೇ ಈ ಲೇಖನದ ಮುಖ್ಯ ಮಾತು. ಸ್ಟೆಬಿಲೈಜರ್ ಇರುವುದು ಕಾಯಲಿಕ್ಕೆ, ಕೆಟ್ಟದ್ದನ್ನು ಸರಿಪಡಿಸಲಿಕ್ಕೆ ಅಲ್ಲ. ಮಾವಿನ ಮಿಡಿಗೆ ಉಪ್ಪು ಹಾಕುವುದು ಭರಣಿ ತುಂಬುವಾಗ. ಬೂಷ್ಟು ಬಂದ ಮೇಲೆ ಎಷ್ಟು ಉಪ್ಪು ಸುರಿದರೂ ಉಪ್ಪಿನಕಾಯಿ ಹಿಂದಕ್ಕೆ ಬಾರದು. ಅಂಟಾದ ಪೆಟ್ರೋಲನ್ನು ಯಾವ ಬಾಟಲಿಯೂ ತಿಳಿ ಮಾಡದು. ತಳಕ್ಕಿಳಿದ ನೀರು, ಎಥನಾಲನ್ನು ಯಾವ ಬಾಟಲಿಯೂ ಮತ್ತೆ ಬೆರೆಸದು. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ನಮ್ಮ ಗಾದೆಯನ್ನು ಪ್ರತಿ ಬಾಟಲಿಯ ಮೇಲೂ ಅಚ್ಚು ಹಾಕಿಸಬೇಕು.

ಕೊಳ್ಳುವ ಮುಂಚೆ ಮೂರು ಪ್ರಶ್ನೆ

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಲು ಹೇಳಿದೆ.

ಒಂದು: ಎಂಜಿನ್ ಕುಡಿಯುವುದು ಏನು? ಸಬ್ಸಿಡಿಯ ಸೀಮೆಎಣ್ಣೆ ಸಾಲದೆ ಅಣ್ಣ ಈಗ 9.9 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ನಿಗೆ ಬದಲಾಗಿದ್ದಾನೆ. ಅಲ್ಲಿಗೆ ಪೆಟ್ರೋಲಿನ ಮದ್ದು. ಮಲ್ಪೆಯ ದೊಡ್ಡ ಬೋಟುಗಳಂತೆ ಡೀಸೆಲ್ ಆಗಿದ್ದರೆ ಕಥೆಯೇ ಬೇರೆ. ಡೀಸೆಲ್ ಟ್ಯಾಂಕಿನ ತಳದ ನೀರಿನಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ ಬೆಳೆದು ಫಿಲ್ಟರ್ ಕಟ್ಟುತ್ತದೆ. ಅದಕ್ಕೆ ನೀರು ಬಸಿದು ತೆಗೆಯುವುದು, ಡೀಸೆಲಿಗೆಂದೇ ಇರುವ ಮದ್ದು ಹಾಕುವುದು ಸರಿ. ಒಂದರ ಬಾಟಲಿಯನ್ನು ಇನ್ನೊಂದಕ್ಕೆ ಸುರಿಯಬಾರದು.

ಎಥನಾಲ್ ಎಷ್ಟು ತಾಳುತ್ತದೆ ಎಂಬುದನ್ನೂ ಎಂಜಿನ್ನಿನ ಕೈಪಿಡಿಯಲ್ಲಿ ನೋಡಬೇಕು. ಬಹಳಷ್ಟು ಔಟ್‌ಬೋರ್ಡ್ ತಯಾರಕರು ಶೇ. 10ರವರೆಗೆ ಮಾತ್ರ ಒಪ್ಪುತ್ತಾರೆ. ಸ್ಟೆಬಿಲೈಜರ್ ಹಾಕಿದರೆ ಎಥನಾಲ್ ಕಡಿಮೆಯಾಗುವುದಿಲ್ಲ. ಎಷ್ಟಿದೆಯೆಂದು ತಿಳಿಯಲು ಸುಲಭ ಪರೀಕ್ಷೆ ಒಂದಿದೆ. ಗೆರೆ ಹಾಕಿದ ಗಾಜಿನ ಜಾಡಿಯಲ್ಲಿ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ, ಮುಚ್ಚಿ ಅಲುಗಾಡಿಸಿ, ನಿಲ್ಲಲು ಬಿಡಿ. ಎಥನಾಲ್ ಇಲ್ಲದಿದ್ದರೆ ತಳದ ನೀರು 10ರಲ್ಲೇ ಇರುತ್ತದೆ. ಶೇ. 20 ಇದ್ದರೆ 28ರ ಆಸುಪಾಸಿಗೆ ಏರುತ್ತದೆ. ಇದನ್ನು ಬಯಲಲ್ಲಿ ಮಾಡಿ. ಹತ್ತಿರ ಒಲೆ, ಬೀಡಿ ಯಾವುದೂ ಇರಬಾರದು. ಆ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ.

ಎರಡು: ಎಷ್ಟು ದಿನ ನಿಲ್ಲುತ್ತದೆ? ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಅಣ್ಣನಂತೆ 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಆದರೂ ಅಳಿವೆಯ ಆ ದಿನದ ನಂತರ ಅವನು ಮಳೆಗಾಲದ ಕಡಲಿಗೆ ಇಳಿಯುವುದಿಲ್ಲ. ಅಂದರೆ ಮೂರು ತಿಂಗಳು. ವಾರ, ಹದಿನೈದು ದಿನದ ಬಿಡುವಿಗೆ ಮದ್ದು ಬೇಡ. ಒಂದೆರಡು ತಿಂಗಳು ಮೀರುವುದಾದರೆ ಬೇಕು. ಬಾಟಲಿ 24 ತಿಂಗಳು ಕಾಯುತ್ತೇನೆಂದು ಹೇಳಿದರೂ ಅದು ಮುಚ್ಚಿದ ಟ್ಯಾಂಕಿನ ತಾಜಾ ಪೆಟ್ರೋಲಿಗೆ ಹೇಳಿದ ಮಾತು.

ಮೂರು: ಟ್ಯಾಂಕನ್ನು ಖಾಲಿ ಮಾಡಲು ಆಗುತ್ತದೆಯೇ? ಅಣ್ಣನದು ಕೈಯಲ್ಲಿ ಎತ್ತಿಕೊಂಡು ಹೋಗುವ 25 ಲೀಟರಿನ ಟ್ಯಾಂಕ್. ಅದನ್ನು ಖಾಲಿ ಮಾಡಿ, ತಾಜಾ ಪೆಟ್ರೋಲನ್ನು ಸ್ಕೂಟರಿಗೆ ಹಾಕಿ ಮುಗಿಸುವುದೇ ಎಲ್ಲಕ್ಕಿಂತ ಒಳ್ಳೆಯ ಮದ್ದು, ಖರ್ಚೂ ಇಲ್ಲ. ಎರಡು ಸ್ಟ್ರೋಕಿನ ಎಂಜಿನ್ನಿಗೆಂದು ಆಯಿಲ್ ಬೆರೆಸಿದ್ದರೆ ಮಾತ್ರ ಸ್ಕೂಟರಿಗೆ ಹಾಕಬಾರದು. ದೋಣಿಯ ಹೊಟ್ಟೆಯಲ್ಲೇ ಕೂರಿಸಿದ, ಬಿಚ್ಚಲಾಗದ ಟ್ಯಾಂಕ್ ಆದರೆ ಹಿಗ್ಗಲು ಸ್ವಲ್ಪ ಜಾಗ ಬಿಟ್ಟು, ಮದ್ದು ಬೆರೆಸಿದ ತಾಜಾ ಪೆಟ್ರೋಲಿನಿಂದ ತುಂಬಿಸಿ ಇಡಬೇಕು. ಜಾಗ ಕಡಿಮೆಯಾದಷ್ಟೂ ಒಳಗೆ ತೇವದ ಗಾಳಿ ಕಡಿಮೆ.

ಅಳತೆ, ಕ್ರಮ

"ಖಾಲಿ ಮಾಡಿದರೆ ಬಾಟಲಿಯೇ ಬೇಡವಲ್ಲ ಮಾವ?" ಎಂದಳು. ಒಳ್ಳೆಯ ಪ್ರಶ್ನೆ. ಟ್ಯಾಂಕ್ ಖಾಲಿಯಾದರೂ ಪೈಪಿನಲ್ಲಿ, ಪಂಪಿನಲ್ಲಿ, ಕಾರ್ಬ್ಯುರೇಟರಿನಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಅಂಟು ಕೂರುವುದೂ ಅಲ್ಲಿಯೇ. ಅದಕ್ಕೆ ಸ್ವಲ್ಪ ಮದ್ದು ಬೇಕು.

ಕ್ರಮ ಹೀಗೆ. ಕಡೆಯ ದಿನ ಎರಡು ಮೂರು ಲೀಟರ್ ತಾಜಾ ಪೆಟ್ರೋಲಿಗೆ ಅಳತೆಯ ಮದ್ದು ಬೆರೆಸಿ. ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಇಳಿಸಿ ಹತ್ತು ನಿಮಿಷ ಓಡಿಸಿ. ಮದ್ದು ಕಾರ್ಬ್ಯುರೇಟರಿನವರೆಗೂ ತಲಪುತ್ತದೆ, ಒಳಗಿನ ಉಪ್ಪುನೀರೂ ತೊಳೆದುಹೋಗುತ್ತದೆ. ಆಮೇಲೆ ಪೆಟ್ರೋಲ್ ಪೈಪನ್ನು ಬಿಡಿಸಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ. ಕಾರ್ಬ್ಯುರೇಟರ್ ಬಟ್ಟಲಿನ ತಳದ ಸ್ಕ್ರೂ ತೆಗೆದು ಉಳಿದದ್ದನ್ನು ಬಸಿಯಿರಿ. ಇಂಜೆಕ್ಷನ್ ಇರುವ ಹೊಸ ಎಂಜಿನ್ನುಗಳನ್ನು ಹೀಗೆ ಒಣಗಿಸಬಾರದು. ಅಲ್ಲಿ ಕೈಪಿಡಿ ಹೇಳಿದಂತೆಯೇ ನಡೆಯಿರಿ. ಮದ್ದನ್ನು ಟ್ಯಾಂಕಿಗೆ ಸುರಿದು ಎಂಜಿನ್ ಓಡಿಸದೆ ಬಿಡುವುದೇ ಜನ ಮಾಡುವ ದೊಡ್ಡ ತಪ್ಪು. ಟ್ಯಾಂಕ್ ಕ್ಷೇಮ, ಕಾರ್ಬ್ಯುರೇಟರ್ ಕ್ಷಾಮ!

ಅಳತೆಯಲ್ಲಿ ಎಚ್ಚರ ಬೇಕು. ಒಂದೇ ಕಂಪನಿಯ ಎರಡು ಬಾಟಲಿಗಳ ಅಳತೆ ಬೇರೆ ಬೇರೆ ಇರುತ್ತದೆ. ಉದಾಹರಣೆಗೆ ಅಮೆರಿಕದ ಸ್ಟಾ-ಬಿಲ್ ಎಂಬುದರ ಸಾಮಾನ್ಯ ಕೆಂಪು ದ್ರಾವಣ 2.5 ಗ್ಯಾಲನ್ನಿಗೆ 1 ಔನ್ಸ್. ಅದರ ಮೆರೈನ್ ದ್ರಾವಣ 10 ಗ್ಯಾಲನ್ನಿಗೆ 1 ಔನ್ಸ್. ನಮ್ಮ ಲೆಕ್ಕಕ್ಕೆ ತಂದರೆ 25 ಲೀಟರ್ ಪೆಟ್ರೋಲಿಗೆ ಮೊದಲನೆಯದು ಸುಮಾರು 78 ಮಿ.ಲೀ. ಬೇಕು, ಎರಡನೆಯದು ಸುಮಾರು 20 ಮಿ.ಲೀ. ಸಾಕು. ಹಾಗಾಗಿ ಬಾಟಲಿಯ ಬೆಲೆಯನ್ನು ಹೋಲಿಸಬೇಡಿ; ಒಂದು ಲೀಟರ್ ಪೆಟ್ರೋಲನ್ನು ಕಾಯಲು ಎಷ್ಟು ರೂಪಾಯಿ ಎಂದು ಹೋಲಿಸಿ. ಅಣ್ಣನ ಕೈ ಅಂದಾಜಿನ ಕೈ. ಸಾರಿಗೆ ಉಪ್ಪು ಹಾಕಿದಂತೆ ಸುರಿಯುತ್ತಾನೆ. ಔಷಧದ ಅಂಗಡಿಯಲ್ಲಿ ಸಿಗುವ ಅಳತೆಯ ಸಿರಿಂಜ್ ಒಂದನ್ನು ಒಯ್ಯುವಂತೆ ಹುಡುಗಿಗೆ ಹೇಳಿದೆ.

ಕೊನೆಗೆ ಒಂದು ಮಾತು ಬಾಕಿ ಇತ್ತು. ಇಂತಹ ಬಹುಪಾಲು ದ್ರಾವಣಗಳು ಹೊತ್ತಿಕೊಳ್ಳುವಂಥವು. ವಿಮಾನದಲ್ಲಿ ಒಯ್ಯುವಂತಿಲ್ಲ, ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಸೀಟಿನಡಿ ಇಟ್ಟುಕೊಳ್ಳುವುದೂ ತಪ್ಪು. ಅಂಚೆ ವಿಳಾಸ ಕೊಟ್ಟು ಊರಿಗೇ ನೇರವಾಗಿ ತರಿಸಿಕೊಳ್ಳುವುದು ಸರಿ. ಇಷ್ಟೆಲ್ಲ ವಿಚಾರಿಸಿದ ಮೇಲೆ ಅವಳು ದೆಹಲಿಯಿಂದ ಒಯ್ದದ್ದು ಸಿರಿಂಜ್ ಮಾತ್ರ!

ಆಗಸ್ಟ್ ಕೊನೆಗೆ ಬಂದ ಫೋನ್

ಹುಡುಗಿ ಊರಿನಲ್ಲಿದ್ದಾಗಲೇ ಮದ್ದು ತಲಪಿತು. ಹಳೆಯ ಪೆಟ್ರೋಲನ್ನು ಗಾಜಿನ ಜಾಡಿಗೆ ಬಸಿದು ಅಣ್ಣನಿಗೆ ತೋರಿಸಿದಳಂತೆ. ತಳದಲ್ಲಿ ಎರಡು ಬೆರಳಿನಷ್ಟು ಬೇರೆಯೇ ಪದರ ನಿಂತದ್ದನ್ನು ಕಂಡು ಅವನು ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ಹೇಳಿದ ಕ್ರಮದಲ್ಲೇ ಇಬ್ಬರೂ ಸೇರಿ ಎಂಜಿನ್ನನ್ನು ಮಳೆಗಾಲಕ್ಕೆ ಮಲಗಿಸಿದರು. ಜೆಟ್ ಬಿಚ್ಚುವುದನ್ನು ಅಣ್ಣ ಅವಳಿಗೆ ಕಲಿಸಿದ. ಲೇಬಲ್ ಓದಿ ಮಿಲಿಲೀಟರ್ ಲೆಕ್ಕ ಹಾಕುವುದನ್ನು ಅವಳು ಅವನಿಗೆ ಕಲಿಸಿದಳು.

ಆಗಸ್ಟ್ ಕೊನೆಗೆ ಅಣ್ಣ ಫೋನ್ ಮಾಡಿದ. "ಎರಡ್ನೇ ಎಳ್ತಕ್ಕೆ ಸ್ಟಾರ್ಟ್ ಆಯ್ತ್ ಕಾಣ್. ಬಾಟ್ಲಿಯಂಗೆ ಮುಕ್ಕಾಲ್ ಹಾಂಗೇ ಇತ್ತ್." ಅಳಿವೆ ದಾಟಿದೆಯೋ ಎಂದು ನಾನು ಕೇಳಲಿಲ್ಲ, ಹಿಂದೆ ಕಡಲಿನ ಸದ್ದು ಕೇಳುತ್ತಿತ್ತು.

ಯುವಮಿತ್ರರೇ, ಈ ಸಲ ಊರಿಗೆ ಹೋದಾಗ ಮನೆಯಲ್ಲಿ ನಿಂತಿರುವ ಎಂಜಿನ್ ಯಾವುದಿದೆ ನೋಡಿ. ದೋಣಿಯದಿರಬಹುದು, ತೋಟದ ಪಂಪಿನದಿರಬಹುದು, ಅಜ್ಜನ ಹಳೆಯ ಮೋಟಾರ್ ಸೈಕಲ್ ಇರಬಹುದು. ಬಾಟಲಿ ಕೊಳ್ಳುವುದು ಆಮೇಲೆ. ಮೊದಲು ಟ್ಯಾಂಕಿನ ತಳದಿಂದ ಒಂದು ಲೋಟದಷ್ಟನ್ನು ಗಾಜಿನ ಜಾಡಿಗೆ ಬಸಿದು, ಬೆಳಕಿಗೆ ಹಿಡಿದು ನೋಡಿ. ಏನು ಮಾಡಬೇಕೆಂದು ಅದೇ ಹೇಳುತ್ತದೆ.